ಗೋಡೆಯ ಮೇಲಿನ ಬ್ಲಫ್

ಮಳವಳ್ಳಿಯ ಪೌರಕಾರ್ಮಿಕರ ಕಾಲೋನಿಗೆ ಇರುವುದು ಒಂದೇ ಬೀದಿ. ಒಂದು ಮಗ್ಗುಲಿಗೆ ಮನೆಗಳು, ಇನ್ನೊಂದು ಮಗ್ಗುಲಿಗೆ ಮುಚ್ಚಿಹೋದ ಅಕ್ಕಿ ಗಿರಣಿಯೊಂದರ ಹಿಂಗೋಡೆ. ಎರಡಾಳು ಎತ್ತರದ, ಬೀದಿಯ ಉದ್ದಕ್ಕೂ ಓಡುವ ಆ ಗೋಡೆಯ ಬುಡ ಊರವರ ಪಾಲಿಗೆ ತಿಪ್ಪೆಯಾಗಿತ್ತು. ಕೋಳಿ ಅಂಗಡಿಯ ಪುಕ್ಕ, ಛತ್ರದ ಎಂಜಲೆಲೆ, ಕ್ಷೌರದಂಗಡಿಯ ಕೂದಲು, ಎಲ್ಲವೂ ಚೀಲಗಳಲ್ಲಿ ಬಂದು ಅಲ್ಲಿ ಬೀಳುತ್ತಿದ್ದವು. ಹೇಗೂ ಎತ್ತುವವರು ಅಲ್ಲೇ ಇದ್ದಾರೆ, ಅವರ ಬಾಗಿಲಿಗೇ ಹಾಕಿದರೆ ಅವರಿಗೂ ಸಲೀಸು ಅನ್ನುವುದು ಹಾಕುವವರ ಮಾತು. ಕೋಳಿ ಕೂಗುವ ಹೊತ್ತಿಗೆ ಎದ್ದು ಊರನ್ನೆಲ್ಲ ಗುಡಿಸುವವರು ತಮ್ಮ ಮನೆಯ ಬಾಗಿಲು ತೆರೆದರೆ ಕಾಣುತ್ತಿದ್ದುದು ಊರಿನ ಕಸವೇ. ಊರವರು ಅದನ್ನು ಕಸದ ಬೀದಿ ಅಂದರು. ಬರುಬರುತ್ತಾ ಕಾಲೋನಿಯವರಿಗೂ ಆಟೋದವರ ಹತ್ತಿರ ಹಾಗೇ ಹೇಳಿ ಅಭ್ಯಾಸವಾಗಿಹೋಯಿತು.

ದೇವಿರಮ್ಮನಿಗೆ ಕೆಲಸದಿಂದ ನಿವೃತ್ತಿಯಾಗಲು ಹೆಚ್ಚು ಕಾಲ ಉಳಿದಿರಲಿಲ್ಲ. ಗಂಡ ಶಿವಣ್ಣ ಕೂಡ ಪುರಸಭೆಯಲ್ಲೇ ಇದ್ದವನು. ತೀರಿಕೊಂಡು ಕೆಲವು ವರ್ಷವಾಗಿತ್ತು. ಮನೆಯಲ್ಲಿ ಅವಳು ಮತ್ತು ಮಗ ನಾಗರಾಜು, ಇಬ್ಬರೇ. ನಾಗರಾಜು ಆಟೋ ಓಡಿಸುತ್ತಿದ್ದ. ಕುಡಿಯುತ್ತಿರಲಿಲ್ಲ, ನೋಡಲು ಲಕ್ಷಣವಾಗಿದ್ದ. ಆದರೂ ಮೂವತ್ತು ದಾಟಿ ಮದುವೆಯಾಗಿರಲಿಲ್ಲ. ಹೆಣ್ಣಿನ ಕಡೆಯವರು ಬರುತ್ತಿದ್ದರು, ಬೀದಿಯ ತುದಿಯಲ್ಲೇ ಮೂಗಿಗೆ ಸೆರಗು ಹಿಡಿಯುತ್ತಿದ್ದರು, ಕೊಟ್ಟ ಕಾಫಿಯನ್ನು ಅರ್ಧ ಕುಡಿದು "ಯೋಳಿ ಕಳಿಸ್ತೀವಿ" ಎಂದು ಹೊರಡುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ.

ಆ ಬೀದಿಗೆ ಒಂದು ಕಾರ್ತಿಕದಲ್ಲಿ ರುಕ್ಸಾರ್ ಬಂದಳು. ಮದ್ದೂರಿನ ಗ್ಯಾರೇಜ್ ಬೀದಿಯ ಲಾರಿ ಟಿಂಕರ್ ನಜೀರ್ ಅಹ್ಮದರ ಮಗಳು. ಚಿಕ್ಕವಳಿದ್ದಾಗ ಅಪ್ಪ ರಿಪೇರಿ ಮಾಡಿದ ಲಾರಿಗಳ ಬೆನ್ನಿಗೆ ನವಿಲು, ಕಮಲ ಬರೆದು ಕೈ ಪಳಗಿಸಿಕೊಂಡವಳು. ಆಮೇಲೆ ಮೈಸೂರಿನಲ್ಲಿ ಚಿತ್ರಕಲೆ ಓದಿದಳು. ಈಗ ಊರೂರು ಸುತ್ತಿ, ಯಾರೂ ಹೋಗದ ಬೀದಿಗಳ ಗೋಡೆಗಳಿಗೆ ಆ ಬೀದಿಯವರನ್ನೇ ಕೂಡಿಸಿಕೊಂಡು ಚಿತ್ರ ಬರೆಯುವುದನ್ನು ಕೆಲಸ ಮಾಡಿಕೊಂಡಿದ್ದಳು. ಗಿರಣಿಯ ಯಜಮಾನರಿಂದ ಅಪ್ಪಣೆ ತಂದಿದ್ದಳು.

"ಚಿತ್ರ ಬರದ್ರೆ ನಮ್ಗೆ ಏನ್ ಬತ್ತದವ್ವ?" ಎಂದು ಪಕ್ಕದ ಮನೆಯ ಸಣ್ಣತಾಯಮ್ಮ ಮುಖಕ್ಕೆ ಹೊಡೆದ ಹಾಗೆ ಕೇಳಿದಳು.

"ಏನೂ ಬರಲ್ಲ ಅತ್ತೆ," ಎಂದಳು ರುಕ್ಸಾರ್. "ನಮ್ಮ ಬೀದೀನ ಗ್ರೀಸ್ ಬೀದಿ ಅಂತಿದ್ರು. ಇಸ್ಕೂಲಲ್ಲಿ ಯಾರಿಗಾದ್ರೂ ಮನೆಗೆ ಬಾ ಅಂದ್ರೆ ಒಬ್ರೂ ಬರ್ತಿರ್ಲಿಲ್ಲ. ಚೆಂದಾಗಿರೋದೆಲ್ಲ ಸರ್ಕಲ್ಲಲ್ಲೇ ಯಾಕಿರ್ಬೇಕು, ಇಲ್ಲೂ ಇರ್ಲಿ ಅಂತ."

ಮೊದಲ ದಿನ ಬ್ರಷ್ಷು ಹಿಡಿಯಲಿಲ್ಲ. ಗುದ್ದಲಿ ಹಿಡಿದು ಕಸ ಎಳೆಯತೊಡಗಿದಳು. ದೇವಿರಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. "ಬುಡವ್ವ, ನಿಂಗೆ ಬರಾಕಿಲ್ಲ," ಎಂದು ಹೋಗಿ ಗುದ್ದಲಿ ಕಿತ್ತುಕೊಂಡಳು. ಅವಳ ಹಿಂದೆ ಉಳಿದವರೂ ಬಂದರು.

ಗೋಡೆಗೆ ಬಿಳಿ ಪ್ರೈಮರ್ ಬಿದ್ದ ಮೇಲೆ ರುಕ್ಸಾರ್ ಮನೆಮನೆಗೂ ಹೋಗಿ ಒಂದೇ ಮಾತು ಕೇಳಿದಳು. "ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಎದುರಿಗೆ ಏನು ಕಾಣ್ಬೇಕು ನಿಮ್ಗೆ?"

ಸಣ್ಣತಾಯಮ್ಮ ಮಾರಿಬಿಟ್ಟ ತನ್ನ ಗೌರಿ ಹಸು ಬೇಕು ಅಂದಳು. ಮಕ್ಕಳು ಸಮುದ್ರ ಅಂದರು. ಒಬ್ಬ ಮುದುಕ ಒಂದು ದೊಡ್ಡ ಹಲಸಿನ ಮರ ಬೇಕು, ಹಣ್ಣು ಬಿಟ್ಟಿರಬೇಕು ಅಂದ. ನಾಗರಾಜು, "ಏನಾರ ಬರೀರಿ, ಕಸ ಕಾಣ್ದಿದ್ರೆ ಸಾಕು," ಅಂದ. ದೇವಿರಮ್ಮ ಮಾತ್ರ, "ಆಮ್ಯಾಕೆ ಯೋಳ್ತೀನಿ," ಎಂದು ಒಳಗೆ ಹೋದಳು.

ಅವಳಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಕೇಳಿದ ತಕ್ಷಣ ಕಣ್ಣಿಗೆ ಕಟ್ಟಿದ್ದು ಅದೊಂದೇ. ಯಾರೂ ಇಷ್ಟು ವರ್ಷ ಅವಳನ್ನು ಏನು ಬೇಕು ಎಂದು ಕೇಳಿರಲಿಲ್ಲ, ಹಾಗಾಗಿ ಅದನ್ನು ಬಾಯಿಗೆ ತರುವ ಹಾದಿ ಅವಳಿಗೆ ಮರೆತುಹೋಗಿತ್ತು.

ಸಾರುವೆ ಕಟ್ಟಿ ಕೆಲಸ ಶುರುವಾಯಿತು. ರುಕ್ಸಾರ್ ಮಧ್ಯಾಹ್ನದ ಊಟಕ್ಕೆ ದಿನಕ್ಕೊಂದು ಮನೆಗೆ ಹೋಗುತ್ತಿದ್ದಳು. ದೇವಿರಮ್ಮನ ಮನೆಯ ಸರದಿ ಬಂದ ದಿನ ಮುದ್ದೆ, ಸೊಪ್ಪಿನ ಸಾರು. ಉಣ್ಣುತ್ತಾ ರುಕ್ಸಾರ್, "ಅವ್ವ, ನಿಮ್ಮನೆ ಎದುರಿಗಿನ ಗೋಡೆ ಹಂಗೇ ಖಾಲಿ ಬಿಟ್ಟಿದೀನಿ," ಎಂದಳು.

ದೇವಿರಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ನಾ ಉಟ್ಟಿದ್ದು ಬ್ಲಫ್‌ನಲ್ಲಿ ಕಣವ್ವ," ಎಂದು ಶುರು ಮಾಡಿದಳು.

ಅವಳ ಅಪ್ಪ ಕರಿಯಪ್ಪ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೂಲಿ. ಬೆಟ್ಟದ ಮೇಲಿನಿಂದ ಕೆಳಗಿನ ಯಂತ್ರದ ಮನೆಗೆ ನೀರು ಇಳಿಸುವ ಭಾರಿ ಕೊಳವೆಗಳ ಸುತ್ತ ಹುಲ್ಲು ಕೀಳುವುದು, ಬಣ್ಣ ಬಳಿಯುವುದು ಅವನ ಕೆಲಸ. ಮೇಲೆ ಬ್ಲಫ್‌ನಲ್ಲಿ, ಅಂದರೆ ಬೆಟ್ಟದ ನೆತ್ತಿಯ ಕಾಲೋನಿಯಲ್ಲಿ, ಕೆಲಸಗಾರರ ಸಾಲುಮನೆಗಳು. ಆ ಕಾಲಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಸಂಜೆಯಾದರೆ ಬುಡ್ಡಿ ದೀಪ. ಬ್ಲಫ್‌ನಲ್ಲಿ ಮಾತ್ರ ಬೀದಿಯುದ್ದಕ್ಕೂ ಕರೆಂಟು. ಮಳೆಗಾಲದಲ್ಲಿ ಗಗನಚುಕ್ಕಿ ಜಲಪಾತದ ಸದ್ದಿಗೆ ಮನೆಯೊಳಗಿನ ಪಾತ್ರೆಗಳು ಸಣ್ಣಗೆ ಅದುರುತ್ತಿದ್ದವು. ಕೊಳವೆಗಳ ಪಕ್ಕದಲ್ಲಿ ಕಡಿದಾದ ಇಳಿಜಾರಿನಲ್ಲಿ ಕಂಬಿ ಹಾಸಿತ್ತು. ಕಂಬಿಯ ಮೇಲೆ ಒಂದು ಟ್ರಾಲಿ. ಮೇಲಿನ ವಿಂಚು ಯಂತ್ರ ಉಕ್ಕಿನ ಹಗ್ಗ ಬಿಟ್ಟರೆ ಟ್ರಾಲಿ ಜನರನ್ನು ಕೂರಿಸಿಕೊಂಡು ನಿಧಾನಕ್ಕೆ ಕೆಳಗೆ ಇಳಿಯುತ್ತಿತ್ತು, ಎಳೆದರೆ ಏರಿ ಬರುತ್ತಿತ್ತು.

"ಎಂಗುಸ್ರನ್ನ, ಐಕ್ಳನ್ನ ಕೂರುಸ್ತಿರ್ನಿಲ್ಲ. ಇಳಿಯೋದ್ನ ಮ್ಯಾಲಿಂದ ನೋಡ್ತಾ ನಿಂತಿರ್ತಿದ್ದೆ. ಅದ್ನೇ ಬರಿ."

ರುಕ್ಸಾರ್ ಅಂದು ಮಧ್ಯಾಹ್ನವೇ ಇದ್ದಿಲಿನಲ್ಲಿ ಗೆರೆ ಎಳೆದಳು. ದೇವಿರಮ್ಮ ಕೆಳಗೆ ನಿಂತು ಕೊಳವೆ ಇನ್ನೂ ದಪ್ಪ, ಕಂಬಿ ಇನ್ನೂ ಕಡಿದು ಎಂದು ತಿದ್ದಿಸಿದಳು. ಮಾರನೆಯ ದಿನ ಬಣ್ಣ ಹತ್ತುವಾಗ ಮತ್ತೆ ಬಂದು ನಿಂತಳು. ಏನೋ ಕೊರತೆ ಇದ್ದಂತೆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ವಿಂಚಿನ ಮನೆ ಮುಂದೆ ಒಬ್ರು ನಿಂತಿರ್ಬೇಕಿತ್ತು," ಎಂದಳು.

"ಯಾರವ್ವ?"

"ವಿಂಚು ಬುಡೋರು."

"ಹೇಳಿ, ಹೆಂಗಿದ್ರು?"

ದೇವಿರಮ್ಮ ಬೀದಿಯ ಆಚೀಚೆ ನೋಡಿದಳು. ಮಕ್ಕಳು ಸ್ಕೂಲಿಗೆ ಹೋಗಿದ್ದರು, ನಾಗರಾಜು ಸ್ಟ್ಯಾಂಡಿನಲ್ಲಿದ್ದ. "ಬಲಗಾಲು ಒಂಚೂರು ಸೊಟ್ಟ. ಅದ್ಕೆ ಅದ್ನ ಯಾವಾಗ್ಲೂ ಒಂದ್ ಕಲ್ಲಿನ ಮ್ಯಾಲೆ ಇಟ್ಕಂಡು ನಿಲ್ತಿದ್ರು. ಸೊಂಟಕ್ಕೆ ಕೆಂಪು ಟವಲ್ಲು. ಎಡಗೈ ಬೆನ್ನಿಂದೆ." ಸೆರಗು ಸರಿಮಾಡಿಕೊಂಡು, "ಮೊಕ ಬ್ಯಾಡ ಕಣವ್ವ. ಟ್ರಾಲಿ ಕಡೀಕೆ ತಿರುಕ್ಕಂಡಿರ್ಲಿ," ಎಂದಳು.

ರುಕ್ಸಾರ್ ಸಾರುವೆಯಿಂದ ಇಳಿದು ಅವಳ ಪಕ್ಕದಲ್ಲಿ ಜಗಲಿಯ ಮೇಲೆ ಕೂತಳು. ಏನೂ ಕೇಳಲಿಲ್ಲ. ಕೇಳದೆ ಇದ್ದುದಕ್ಕೇ ಇರಬೇಕು, ದೇವಿರಮ್ಮ ಹೇಳಿದಳು. ಹೆಸರು ಮಹದೇವು. ಗೌಡರ ಮನೆಯ ಹುಡುಗ. ಅವಳು ಅಪ್ಪನಿಗೆ ಬುತ್ತಿ ತರುವಾಗ ವಿಂಚಿನ ಮನೆಯ ಮುಂದೆ ನಿಲ್ಲುತ್ತಿದ್ದಳು. ಮೊದಲು ಮಾತಿರಲಿಲ್ಲ. ಆಮೇಲೆ ಮಾತಾಯಿತು. ಒಂದು ದಿನ ಯಾರೂ ಇಲ್ಲದಾಗ ಟ್ರಾಲಿಯಲ್ಲಿ ಕೂರಿಸಿ ಕೆಳಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ಕೆಳಗೆ ಹೊಳೆ ಹೇಗೆ ಕಾಣುತ್ತದೆ, ಯಂತ್ರಗಳು ಎಷ್ಟು ದೊಡ್ಡವು ಎಂದು ದಿನವೂ ಹೇಳುತ್ತಿದ್ದ. ಸುದ್ದಿ ಅವನ ಮನೆಗೆ ಹೋಯಿತು. ಅವರಪ್ಪ ಬಂದು ಎರಡು ದಿನ ಬ್ಲಫ್‌ನಲ್ಲೇ ಉಳಿದ. ಆಮೇಲೆ ಅವಳು ಬುತ್ತಿ ಹಿಡಿದು ಹೋದರೆ ಮಹದೇವು ಟ್ರಾಲಿಯ ಕಡೆಗೆ ಮುಖ ಮಾಡಿ ನಿಂತಿರುತ್ತಿದ್ದ. ತಿರುಗುತ್ತಿರಲಿಲ್ಲ. ಅವಳು ಕರೆಯಲೂ ಇಲ್ಲ. ಆ ಬೇಸಿಗೆಯಲ್ಲೇ ಅವಳನ್ನು ಮಳವಳ್ಳಿಗೆ ಕೊಟ್ಟರು.

"ಕರೀಬೌದಿತ್ತು ನಾನು," ಎಂದಳು ದೇವಿರಮ್ಮ. "ಒಂದ್ ಸಲ ಕರದಿದ್ರೆ ತಿರುಗ್ತಿದ್ನೇನೊ."

ಮಳವಳ್ಳಿಯಿಂದ ಬ್ಲಫ್ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಬಿಸಿಲು ಏರುವುದರೊಳಗೆ ಮುಟ್ಟಬಹುದು. ಮದುವೆಯಾದಾಗಿನಿಂದ ಅವಳು ಒಮ್ಮೆಯೂ ಹೋಗಿರಲಿಲ್ಲ. ಅಪ್ಪ ಸತ್ತಾಗಲೂ ಹೆಣವನ್ನು ಅವನ ಹುಟ್ಟೂರಿಗೇ ಒಯ್ದಿದ್ದರು.

ರುಕ್ಸಾರ್ ಮಹದೇವುವನ್ನು ಆಳೆತ್ತರಕ್ಕೆ ಬರೆದಳು. ಬೆನ್ನು, ಕೆಂಪು ಟವಲ್ಲು, ಕಲ್ಲಿನ ಮೇಲಿನ ಕಾಲು. ಕತ್ತಿನ ಹಿಂದೆ ಬಿಸಿಲು ಬಿದ್ದ ಹಾಗೆ ಒಂದು ಹಳದಿ ಗೆರೆ. ಚಿತ್ರ ಮುಗಿದಾಗ ದೇವಿರಮ್ಮ ಹತ್ತಿರ ಹೋಗಲಿಲ್ಲ. ತನ್ನ ಹೊಸಿಲಿನಿಂದ ನೋಡಿದಳು. ಬ್ಲಫ್‌ನಲ್ಲೂ ಅಷ್ಟು ದೂರದಿಂದಲೇ ನೋಡುತ್ತಿದ್ದುದು.

ಸಂಜೆ ಆಟೋ ತಂದು ನಿಲ್ಲಿಸಿದ ನಾಗರಾಜು, "ಯಾರವ್ವ ಇದು?" ಎಂದ.

ದೇವಿರಮ್ಮ ಒಲೆಯ ಮುಂದೆ ಇದ್ದಳು. ತಲೆ ಎತ್ತದೆ, "ನಿಮ್ಮ ತಾತ," ಎಂದಳು.

ಆ ಮಾತು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದಳು. ಮುಗಿಯಲಿಲ್ಲ. ನಾಗರಾಜು ತಾತನನ್ನು ನೋಡಿದವನಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅವನಿಗೆ ಈ ತಾತ ಬಹಳ ಹಿಡಿಸಿಬಿಟ್ಟ. ಸ್ಟ್ಯಾಂಡಿನಲ್ಲಿ, "ನಮ್ಮ ತಾತ ಬ್ಲಫ್‌ನಲ್ಲಿ ಟ್ರಾಲಿ ಇಳಿಸ್ತಿದ್ದ ಕಣ್ಲಾ, ಅವನ ಕೈಯಾಗೇ ಇತ್ತು ಎಲ್ಲಾರ ಪ್ರಾಣ," ಎಂದು ಹೇಳಿಕೊಂಡ. ಗೆಳೆಯರನ್ನು ಕರೆದು ತಂದು ತೋರಿಸಿದ. ಬೆಳಿಗ್ಗೆ ಆಟೋ ತೆಗೆಯುವ ಮುಂಚೆ ಗೋಡೆಯ ಮುಂದೆ ನಿಂತು ಕೈ ಮುಗಿಯತೊಡಗಿದ. ಒಂದು ಶುಕ್ರವಾರ ಕಲ್ಲಿನ ಮೇಲಿನ ಆ ಕಾಲಿಗೆ ಅರಿಸಿನ ಕುಂಕುಮ ಹಚ್ಚಿ ಮಲ್ಲಿಗೆ ಇಟ್ಟ. ದೇವಿರಮ್ಮ ಬಾಗಿಲ ಮರೆಯಿಂದ ನೋಡಿದಳು. ಮಗನ ಸಂತೋಷ ಕಂಡು ಒಳಗೇ ಕುಗ್ಗಿದಳು, ಆದರೆ ಬಾಯಿ ಬಿಡಲಿಲ್ಲ. ಅಪ್ಪ ಕರಿಯಪ್ಪ ಕುಳ್ಳಗೆ, ಗುಂಡುಗುಂಡಗೆ ಇದ್ದವನು. ಅವನ ನೆನಪು ಬಂದು ನಗುವೂ ಬರುತ್ತಿತ್ತು.

ಅಷ್ಟರಲ್ಲಿ ಗೋಡೆ ಪೂರ್ತಿಯಾಗಿ, ರುಕ್ಸಾರ್ ಮದ್ದೂರಿಗೆ ವಾಪಸಾಗಿದ್ದಳು. ತನ್ನದೇ ಗ್ಯಾರೇಜ್ ಬೀದಿಯ ಶಟರುಗಳಿಗೆ ಬಣ್ಣ ಹಚ್ಚುವ ಕೆಲಸ ಹಿಡಿದಿದ್ದಳು. ಎಕ್ಸ್‌ಪ್ರೆಸ್ ದಾರಿ ಊರಾಚೆ ಹಾದುಹೋದಾಗಿನಿಂದ ಲಾರಿಗಳು ಆ ಕಡೆ ಬರುವುದು ಕಡಿಮೆಯಾಗಿ, ಅರ್ಧ ಶಟರುಗಳು ಏಳುತ್ತಲೇ ಇರಲಿಲ್ಲವಂತೆ. ಇಲ್ಲಿ ಕಾಲೋನಿಯಲ್ಲಿ ಸಣ್ಣತಾಯಮ್ಮನ ಹಸು ದಿನವೂ ಅವಳ ಬಾಗಿಲ ಕಡೆ ನೋಡುತ್ತಾ ನಿಂತಿರುತ್ತಿತ್ತು. ಮಕ್ಕಳ ಸಮುದ್ರದಲ್ಲಿ ಮಕ್ಕಳೇ ಬರೆದ ಮೀನುಗಳಿದ್ದವು. ಕೋಳಿ ಅಂಗಡಿಯವನು ಚೀಲ ಹಿಡಿದು ಸ್ಕೂಟರಿನಲ್ಲಿ ಬಂದ, ಹಲಸಿನ ಮರದ ಕೆಳಗೆ ನಿಂತ, ಸುತ್ತ ನೋಡಿದ, ಚೀಲವನ್ನು ಹಾಗೇ ಇಟ್ಟುಕೊಂಡು ತಿರುಗಿ ಹೋದ. ಕಸ ಒಮ್ಮೆಗೇ ನಿಲ್ಲಲಿಲ್ಲ. ಒಂದೆರಡು ಸಲ ಜಗಳವೂ ಆಯಿತು. ಆದರೆ ನಿಂತಿತು. ಕಾಲೇಜು ಹುಡುಗಿಯರು ಫೋಟೋ ತೆಗೆಸಿಕೊಳ್ಳಲು ಬರತೊಡಗಿದರು. ಇದುವರೆಗೆ ಮಳವಳ್ಳಿಯವರೇ ಕಾಲಿಡದ ಬೀದಿಯನ್ನು ಕೇಳಿಕೊಂಡು ಬೇರೆ ಊರವರು ಬಂದರು.

ದೇವಿರಮ್ಮನಿಗೆ ಈ ಗದ್ದಲದ ಮೊದಲಿನ ಹೊತ್ತು ಬೇಕಾಗಿತ್ತು. ಬೆಳಗಿನ ಜಾವ ಪೊರಕೆ ಹಿಡಿದು ಹೊರಡುವಾಗ ಬೀದಿ ದೀಪ ಇನ್ನೂ ಉರಿಯುತ್ತಿರುತ್ತಿತ್ತು. ಆ ಬೆಳಕಿನಲ್ಲಿ ಅವನು ಬೆನ್ನು ಕೊಟ್ಟು ನಿಂತಿರುತ್ತಿದ್ದ. ಅವಳು ಹೊಸಿಲ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಕೆಲವು ದಿನ ಅವನು ಈಗ ಎಲ್ಲಿರಬಹುದು, ಕೂದಲು ನೆರೆತಿರಬಹುದೇ, ಆ ಕಾಲು ಮುಪ್ಪಿನಲ್ಲಿ ನೋಯುತ್ತದೆಯೇ ಎಂದು ಯೋಚಿಸುತ್ತಿದ್ದಳು. ಕೆಲವು ದಿನ ಏನೂ ಯೋಚಿಸುತ್ತಿರಲಿಲ್ಲ. ಅರವತ್ತರ ಹತ್ತಿರ ಬಂದ ಹೆಂಗಸಿಗೆ ಇದೇನು ಎಂದು ತನ್ನನ್ನೇ ಬೈದುಕೊಂಡು ಹೊರಡುತ್ತಿದ್ದಳು. ಪೇಟೆ ಬೀದಿ ಗುಡಿಸುವಾಗಲೂ ಮನಸ್ಸು ಮನೆಯ ಕಡೆಗೇ ಎಳೆಯುತ್ತಿತ್ತು. ಮನೆಯಲ್ಲಿ ತನಗಾಗಿ ಯಾರೋ ಕಾಯುತ್ತಿದ್ದಾರೆ ಅನ್ನುವ ಹಾಗೆ ಬೇಗ ಬೇಗ ಕೆಲಸ ಮುಗಿಸುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಒಬ್ಬ ಹೆಂಗಸು ಸ್ಕೂಟಿಯಲ್ಲಿ ಬಂದಳು. ನಾಗರಾಜು ಆಟೋ ತೊಳೆಯುತ್ತಿದ್ದ. ದೇವಿರಮ್ಮ ಆಗತಾನೇ ಕೆಲಸದಿಂದ ಬಂದು ಜಗಲಿಯ ಮೇಲೆ ಕಾಲು ಚಾಚಿದ್ದಳು. ಬಂದವಳು ಗೋಡೆಯನ್ನು ಉದ್ದಕ್ಕೂ ನೋಡದೆ ನೇರವಾಗಿ ಟ್ರಾಲಿಯ ಚಿತ್ರದ ಮುಂದೆ ಹೋಗಿ ನಿಂತಳು. ಕೈಯಲ್ಲಿನ ಮೊಬೈಲು ನೋಡಿದಳು, ಚಿತ್ರ ನೋಡಿದಳು.

"ನಮ್ಮ ತಾತ, ಮೇಡಂ," ಎಂದ ನಾಗರಾಜು, ಚಿಂದಿಬಟ್ಟೆ ಹಿಂಡುತ್ತಾ. "ಕರಿಯಪ್ಪ ಅಂತ. ಬ್ಲಫ್‌ನಲ್ಲಿ ಟ್ರಾಲಿ ಇಳಿಸ್ತಿದ್ರು."

ಆ ಹೆಂಗಸು ಹಿಂಜರಿದಳು. "ಬೇಜಾರ್ ಮಾಡ್ಕೋಬೇಡಿ. ನಾನು ಭಾರತೀನಗರದೋಳು, ದೀಪಿಕ ಅಂತ, ಟೀಚರ್. ನಮ್ಮ ಸ್ಕೂಲ್ ಗ್ರೂಪಲ್ಲಿ ಈ ಫೋಟೋ ಯಾರೋ ಹಾಕಿದ್ರು. ನಂಗೆ ಇದು ನಮ್ಮಪ್ಪ ಅನ್ನಿಸ್ತು."

"ಅದೆಂಗಾದದು?"

"ಅಪ್ಪನೂ ಬ್ಲಫ್‌ನಲ್ಲಿ ವಿಂಚು ಆಪರೇಟರ್ ಆಗಿದ್ರು. ಅವರ ಬಲಗಾಲು ಹಿಂಗೇ. ಮನೇಲೂ ಎಲ್ಲಿ ನಿಂತ್ರೂ ಹೊಸಲ ಮೇಲೆ, ಮೆಟ್ಲ ಮೇಲೆ ಹಿಂಗೇ ಕಾಲಿಡ್ತಿದ್ರು. ಕೈ ಬೆನ್ನಿಂದೆ. ಮುಖ ಇಲ್ದಿದ್ರೂ ಗೊತ್ತಾಗತ್ತೆ."

ನಾಗರಾಜು ಚಿಂದಿಯನ್ನು ಬಕೆಟ್ಟಿಗೆ ಎಸೆದ. "ನೋಡಿ ಮೇಡಂ, ಕಸ ಸುರಿಯಾಕೆ ನಮ್ಮ ಬೀದಿ ಬೇಕಿತ್ತು. ಈಗ ಗ್ವಾಡೆ ಚೆಂದಾಯ್ತಲ್ಲ, ಅದ್ರಲ್ಲಿರೋನೂ ನಿಮ್ಮೋನೇ ಅಂತ ಬಂದ್ರಾ? ನಮ್ಗೆ ಅಂತ ಒಬ್ಬ ತಾತನೂ ಇರ್ಬಾರ್ದಾ?"

"ಹಂಗಲ್ಲ ಅಣ್ಣ." ದೀಪಿಕ ಮೊಬೈಲನ್ನು ಕೆಳಗಿಳಿಸಿದಳು. "ಅಪ್ಪ ಹೋದ ದಸರಾ ಆದ ವಾರಕ್ಕೇ ತೀರ್ಕೊಂಡ್ರು. ಬ್ಲಫ್‌ನಲ್ಲಿದ್ದಾಗಿನ ಒಂದು ಫೋಟೋನೂ ನಮ್ಮತ್ರ ಇಲ್ಲ. ನೋಡ್ಕೊಂಡು ಹೋಗಾಣ ಅಂತ ಬಂದೆ ಅಷ್ಟೆ. ಯಾವುದನ್ನೂ ನಮ್ದು ಅನ್ನಕ್ಕೆ ಬರ್ಲಿಲ್ಲ."

ದೇವಿರಮ್ಮ ಜಗಲಿಯಿಂದ ಎದ್ದವಳು ಮತ್ತೆ ಕೂತಳು. ದಸರಾ. ರುಕ್ಸಾರ್ ಬಂದದ್ದು ಕಾರ್ತಿಕದಲ್ಲಿ. ಅಂದರೆ ತಾನು ಕಾಲು ಸೊಟ್ಟ, ಟವಲ್ಲು ಕೆಂಪು ಎಂದು ಹೇಳುತ್ತಿದ್ದ ಹೊತ್ತಿಗೆ ಅವನು ಮಣ್ಣಾಗಿದ್ದ. ಈ ದಿನಗಳೆಲ್ಲ ಎಲ್ಲಿರಬಹುದು, ಕಾಲು ನೋಯುತ್ತದೆಯೇ ಎಂದುಕೊಂಡದ್ದೆಲ್ಲ ಇಲ್ಲದವನ ಬಗ್ಗೆ. ಅವಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಇಬ್ಬರೂ ತಿರುಗಿ ನೋಡಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡರೂ ಅಳು ನಿಲ್ಲಲಿಲ್ಲ.

"ಅವ್ವ, ಏನಾಯ್ತು?" ನಾಗರಾಜು ಓಡಿ ಬಂದ.

"ಆ ಮಗು ಯೋಳದೇ ದಿಟ ಕಣ್ಲಾ ನಾಗ," ಎಂದಳು ದೇವಿರಮ್ಮ. "ಅವ್ರು ನಿಮ್ಮ ತಾತ ಅಲ್ಲ."

ನಾಗರಾಜು ಅವಳ ಮುಖವನ್ನೇ ನೋಡಿದ. ಅವನು ದಡ್ಡನಲ್ಲ. ಅಪ್ಪನಿಗಾಗಿ ಅಳುವ ಅಳು ಯಾವುದು, ಇದು ಯಾವುದು ಎಂದು ಅವನಿಗೆ ತಿಳಿಯಿತು. ಬಕೆಟ್ಟಿನ ನೀರನ್ನು ಚರಂಡಿಗೆ ಸುರಿದು, ಇನ್ನೂ ಒದ್ದೆಯಾಗಿದ್ದ ಆಟೋ ಹತ್ತಿ ಹೊರಟುಹೋದ.

ದೀಪಿಕ ಹೋಗಲಿಲ್ಲ. ಬಂದು ದೇವಿರಮ್ಮನ ಪಕ್ಕದಲ್ಲಿ ಜಗಲಿಯ ಮೇಲೆ ಕೂತಳು. ಸಣ್ಣತಾಯಮ್ಮ ಒಂದು ಚೊಂಬು ನೀರು ತಂದಿಟ್ಟು ಒಳಗೆ ಹೋದಳು.

"ನೋವು ಪಟ್ರಾ ತಾಯಿ?" ದೇವಿರಮ್ಮ ಕೇಳಿದಳು.

"ಇಲ್ಲ. ಬೆಳಿಗ್ಗೆ ಕಾಫಿ ಕೊಡಕ್ಕೆ ಎಬ್ಬಿಸಿದ್ರೆ ಎದ್ದಿರ್ಲಿಲ್ಲ."

"ಬ್ಲಫ್ ವಿಚಾರ ಏನಾರ ಯೋಳ್ತಿದ್ರಾ?"

ದೀಪಿಕ ಇಲ್ಲವೆಂದು ತಲೆ ಅಲ್ಲಾಡಿಸಿದಳು. "ಹೇಳ್ತಿರ್ಲಿಲ್ಲ. ನಾನು ಹುಟ್ಟೋ ಮೊದ್ಲೇ ಅಲ್ಲಿಂದ ವರ್ಗ ಮಾಡಿಸ್ಕೊಂಡಿದ್ರು. ಎಷ್ಟೋ ಸಲ ಅಪ್ಪ, ಗಗನಚುಕ್ಕಿಗೆ ಹೋಗಾಣ ಅಂದಿದೀನಿ. ನೀವು ಹೋಗ್ಬನ್ನಿ ಅಂತಿದ್ರು. ಒಂದು ಸಲಕ್ಕೂ ಬರ್ಲಿಲ್ಲ."

ದೇವಿರಮ್ಮ ನೀರಿನ ಚೊಂಬನ್ನು ಅವಳ ಕಡೆಗೆ ಸರಿಸಿದಳು. ಇಷ್ಟು ವರ್ಷ ತಾನೊಬ್ಬಳೇ ಅಲ್ಲಿಗೆ ಹೋಗದೆ ಉಳಿದವಳು ಎಂದುಕೊಂಡಿದ್ದಳು.

ಅಂದಿನಿಂದ ನಾಗರಾಜು ಮಾತು ಬಿಟ್ಟ. ಜಗಳವಾಡಲಿಲ್ಲ, ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ದುಡಿದದ್ದನ್ನು ತಂದು ದೇವರ ಗೂಡಿನಲ್ಲಿ ಇಡುತ್ತಿದ್ದ. ಆದರೆ ಆಟೋವನ್ನು ಮನೆಯ ಪಕ್ಕಕ್ಕೆ ನಿಲ್ಲಿಸುವುದು ಬಿಟ್ಟು ಗೋಡೆಗೆ ಒತ್ತಿ, ಸರಿಯಾಗಿ ಆ ಮನುಷ್ಯನ ಮುಂದೆ ನಿಲ್ಲಿಸತೊಡಗಿದ. ಬೆಳಗಿನ ಜಾವ ದೇವಿರಮ್ಮ ಬಾಗಿಲು ತೆರೆದರೆ ಕಾಣುತ್ತಿದ್ದುದು ಆಟೋದ ಹಳದಿ ಟಾಪು, ಅದರ ಮೇಲೆ ಒಂದು ತಲೆಯ ಹಿಂಭಾಗ. ಅವನಿಗೆ ಅಷ್ಟು ಹಕ್ಕಿದೆ ಎಂದುಕೊಂಡಳು. ಆದರೂ ಹೊಸಿಲ ಮೇಲೆ ನಿಲ್ಲುವುದನ್ನು ಬಿಡಲಾಗಲಿಲ್ಲ. ಕಾಣದಿದ್ದಾಗ ಇನ್ನೂ ಹೆಚ್ಚು ನೋಡಬೇಕೆನ್ನಿಸುತ್ತಿತ್ತು.

ಮಾಘದ ಕೊನೆಯಲ್ಲಿ ರುಕ್ಸಾರ್ ಮದ್ದೂರಿನಿಂದ ಬಂದಳು. ಬೆರಳುಗಳ ಸಂದಿಯಲ್ಲಿ ನೀಲಿ ಬಣ್ಣ ಇನ್ನೂ ಅಂಟಿತ್ತು. ದೀಪಿಕ ಅವಳಿಗೆ ಫೋನು ಮಾಡಿದ್ದಳಂತೆ. ಅಪ್ಪನ ಫೋಟೋ ಕಳಿಸಿ, ಗೋಡೆಯ ಮೇಲಿನ ಮುಖವನ್ನು ಈ ಕಡೆ ತಿರುಗಿಸಿ ಬರೆಯಲಾಗುತ್ತದೆಯೇ ಎಂದು ಕೇಳಿದ್ದಳಂತೆ.

"ನೀವು ಹೂಂ ಅಂದ್ರೆ ಬರೀತೀನಿ ಅವ್ವ, ಬ್ಯಾಡ ಅಂದ್ರೆ ಇಲ್ಲ. ಗೋಡೆ ನಿಮ್ದು," ಎಂದು ಮೊಬೈಲು ಮುಂದೆ ಹಿಡಿದಳು.

ದೇವಿರಮ್ಮ ಕೈ ಒರೆಸಿಕೊಂಡು ತೆಗೆದುಕೊಂಡಳು. ಬೋಳು ತಲೆಯ, ದಪ್ಪ ಕನ್ನಡಕದ ಒಬ್ಬ ಮುದುಕರು. ನಿವೃತ್ತಿಯ ಸನ್ಮಾನವಿರಬೇಕು, ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಬಾಯಿ ನಗುತ್ತಿತ್ತು. ಅವಳು ಫೋಟೋವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ಎಲ್ಲಿ ಹುಡುಕಿದರೂ ಅವನು ಸಿಗಲಿಲ್ಲ.

"ಇವ್ರು ಯಾರೋ ದೊಡ್ಡ ಮನ್ಸರು ಕಣವ್ವ. ನಂಗೆ ಗುರ್ತಿಲ್ಲ," ಎಂದು ವಾಪಸು ಕೊಟ್ಟಳು. ಎದುರಿನ ಗೋಡೆಯ ಕಡೆ ನೋಡಿ, "ಆ ಮಗೀಗೆ ಅವ್ರಪ್ಪನ ಮೊಕ ಬೇಕು ಅನ್ಸೋದು ನ್ಯಾಯ. ಅವ್ರ ಇಸ್ಕೂಲಲ್ಲೊಂದು ಗ್ವಾಡೆ ಸಿಗಾಕಿಲ್ವಾ? ಅಲ್ಲಿ ಬರ್ದುಕೊಡು, ನಗ್ತಾ ಇರೋ ಅಂಗೆ. ಇಲ್ಲಿರೋದು ಇಂಗೇ ಇರ್ಲಿ," ಎಂದಳು.

ನಾಗರಾಜು ಆಗಲೇ ಮನೆಗೆ ಬಂದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ರುಕ್ಸಾರ್ ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ಅವನೇ ಆಟೋದಲ್ಲಿ ಬಿಟ್ಟ. ದಾರಿಯಲ್ಲಿ ಅವನು, "ನಿಮ್ಗೆ ಮೊದ್ಲಿಂದ್ಲೂ ಗೊತ್ತಿತ್ತಾ?" ಎಂದು ಕೇಳಿದನಂತೆ.

"ಗೊತ್ತಿತ್ತು."

"ನನ್ನ ಕೈಲಿ ಕುಂಕುಮ ಇಡುಸ್ಕಂಡು ಸುಮ್ಕಿದ್ರಲ್ಲ."

"ಅದು ನಾನು ಹೇಳೋ ಮಾತಾಗಿರ್ಲಿಲ್ಲ ನಾಗರಾಜಣ್ಣ. ಆದ್ರೆ ಒಂದು ಹೇಳ್ತೀನಿ. ಏನು ಬೇಕು ಅಂತ ಎಷ್ಟೋ ಊರಲ್ಲಿ ಕೇಳಿದೀನಿ. ನಿಮ್ಮವ್ವ ಬಾಯಿ ಬಿಡಕ್ಕೆ ತಗೊಂಡಷ್ಟು ದಿನ ಯಾರೂ ತಗೊಂಡಿಲ್ಲ."

ಆ ಮಾತನ್ನು ರುಕ್ಸಾರ್ ಬಹಳ ದಿನಗಳ ಮೇಲೆ ದೇವಿರಮ್ಮನಿಗೆ ಹೇಳಿದಳು. ಅಂದು ದೇವಿರಮ್ಮನಿಗೆ ಗೊತ್ತಾದದ್ದು ಇಷ್ಟೇ: ಮಾರನೆಯ ಬೆಳಿಗ್ಗೆ ಬಾಗಿಲು ತೆರೆದಾಗ ಆಟೋ ಮನೆಯ ಪಕ್ಕಕ್ಕೆ, ಅದರ ಹಳೆಯ ಜಾಗದಲ್ಲಿ ನಿಂತಿತ್ತು.

ಮುಂದಿನ ವಾರದ ರಜೆಯ ದಿನ ನಾಗರಾಜು, "ಒಳ್ಳೆ ಸೀರೆ ಉಟ್ಕವ್ವ," ಎಂದ.

"ಎಲ್ಲಿಗ್ಲಾ?"

"ಬ್ಲಫ್‌ಗೆ."

ಅವಳು ಬೇಡ ಅನ್ನಲು ಬಾಯಿ ತೆರೆದಳು. ಆದರೆ ಇಷ್ಟು ದಿನದ ಮೇಲೆ ಅವನು ಆಡಿದ ಮೊದಲ ಮಾತು ಅದು.

ದಾರಿಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ಹೊತ್ತಾಯಿತು. ಬ್ಲಫ್‌ನಲ್ಲಿ ಗೇಟಿನ ಕಾವಲಿನವನು ಮೇಲಿನವರ ಅಪ್ಪಣೆಯಿಲ್ಲದೆ ಒಳಗೆ ಬಿಡುವುದಿಲ್ಲ ಅಂದ. ನಾಗರಾಜು ನಮ್ಮವ್ವ ಇಲ್ಲೇ ಹುಟ್ಟಿದವಳು ಎಂದು ವಾದಿಸಿದ. ಕಾವಲಿನವನು ಅಜ್ಜಿಗೆ ಕುರ್ಚಿ ಹಾಕಿಕೊಟ್ಟ, ನೀರು ಕೊಟ್ಟ, ಒಳಗೆ ಮಾತ್ರ ಬಿಡಲಿಲ್ಲ. ದೇವಿರಮ್ಮ, "ಬುಡ್ಲಾ, ಅವ್ನ ಕೆಲ್ಸ ಅದು," ಎಂದು ಮಗನ ತೋಳು ಹಿಡಿದು ಕರೆದುಕೊಂಡು ಹೊರಟಳು.

ಸಾಲುಮನೆಗಳಿದ್ದ ಕಡೆಗೆ ಹೋಗಲು ಅಡ್ಡಿಯಿರಲಿಲ್ಲ. ಅಲ್ಲಿ ಈಗ ಲಂಟಾನ ಪೊದೆ. ಪೊದೆಯ ನಡುವೆ ಮೊಣಕಾಲೆತ್ತರದ ಗೋಡೆಗಳು. ಅವಳು ಎಣಿಸಿಕೊಂಡು ಹೋಗಿ ಒಂದರ ಮುಂದೆ ನಿಂತು, "ಇದು ನಮ್ದು," ಎಂದಳು. ಒಳಗೊಂದು ಬೇವಿನ ಗಿಡ ಬೆಳೆದಿತ್ತು. ಮಳೆಗಾಲವಲ್ಲದ್ದರಿಂದ ಜಲಪಾತದ ಸದ್ದು ತೀರ ಸಣ್ಣದಾಗಿ ಕೇಳುತ್ತಿತ್ತು.

ಗೋಡೆಯ ಮೇಲೆ ಕೂತರು. ನಾಗರಾಜು ಒಂದು ಕಡ್ಡಿಯಿಂದ ನೆಲ ಗೀರುತ್ತಿದ್ದ. ಕೊನೆಗೆ ತಲೆ ಎತ್ತದೆ ಕೇಳಿದ.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಮದ್ವೆ ಆದ ವರ್ಸವೇ ಯಾರೋ ಕಿವಿ ಮ್ಯಾಲೆ ಆಕಿದ್ರು."

"ಏನಂದ?"

"ನನ್ನ ಕೇಳ್ದ, ದಿಟವಾ ಅಂತ. ಊಂ ಅಂದೆ. ಎಲ್ಡು ದಿನ ಮಾತಾಡ್ಲಿಲ್ಲ, ನಿನ್ನಂಗೇ. ಮೂರನೇ ದಿನ ಕೆಲ್ಸದಿಂದ ಬಂದೋನು, ಬ್ಲಫ್‌ಗೆ ಓಗ್ಬೇಕು ಅನ್ಸಿದ್ರೆ ಯೋಳು, ನಾನೇ ಕರ್ಕಂಡು ಓಯ್ತೀನಿ ಅಂದ."

"ನೀನೇನಂದೆ?"

"ಬ್ಯಾಡ ಅಂದೆ. ಆಮ್ಯಾಲೂ ಆಗಾಗ ಕೇಳ್ತಿದ್ದ. ಸಾಯೋ ವರ್ಸ ಆಸ್ಪತ್ರೇಲಿ ಮಲಗಿದ್ನಲ್ಲ, ಆಗ್ಲೂ ಕೇಳ್ದ. ಎದ್ದ ಮ್ಯಾಕೆ ಒಂದ್ ಸಲ ಓಗ್ಬರಾನ ಕಣೆ ದೇವೀರಿ ಅಂದ. ಎದ್ದೇಳಾಕೆ ಆಗಲ್ಲ ಅಂತ ಅವಂಗೂ ಗೊತ್ತಿತ್ತು."

ಹೇಳುತ್ತಾ ಹೇಳುತ್ತಾ ಅವಳಿಗೆ ಶಿವಣ್ಣನ ದನಿ ಕೇಳಿದ ಹಾಗಾಯಿತು. ಮೂರು ತಿಂಗಳಿಂದ ಒಬ್ಬನನ್ನೇ ನೆನೆದು ನೆನೆದು, ಒಂದೇ ಸೂರಿನ ಕೆಳಗೆ ಬದುಕು ಸವೆಸಿದ ಇನ್ನೊಬ್ಬನನ್ನು ಅವಳು ಒಮ್ಮೆಯೂ ಹೀಗೆ ನೆನೆದಿರಲಿಲ್ಲ. ಅವನು ಕೇಳಿದಾಗ ಒಂದು ಸಲವಾದರೂ ಹೂಂ ಅಂದಿದ್ದರೆ ಇಬ್ಬರೂ ಬಸ್ಸು ಹತ್ತಿ ಬರುತ್ತಿದ್ದರು, ಈ ಗೋಡೆ ಆಗ ಇನ್ನೂ ಎತ್ತರ ಇದ್ದಿರಬಹುದು, ಅವನು ಬೀಡಿ ಹಚ್ಚಿಕೊಂಡು ಎಲ್ಲವನ್ನೂ ಕೇಳುತ್ತಾ ಕೂತಿರುತ್ತಿದ್ದ. ಹಾಗೆ ಕೇಳುವುದು ಅವನಿಗೆ ಬರುತ್ತಿತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾಗರಾಜು ಕಡ್ಡಿ ಬಿಸಾಡಿ ಎದ್ದ. "ಮೀನು ತಿಂತೀಯಾ? ಆ ತಿರುವಲ್ಲಿ ಕರೀತಾವ್ರೆ."

"ತತ್ತಾ. ಖಾರ ಕಮ್ಮಿ ಆಕ್ಸು."

ಅವನು ಹೋದ. ದೇವಿರಮ್ಮ ಬೇವಿನ ನೆರಳಿಗೆ ಸರಿದು ಕೂತು, ಪೊದೆಗಳ ಸಂದಿಯಿಂದ ಅವನು ಇಳಿಜಾರು ಇಳಿಯುವುದನ್ನು ನೋಡಿದಳು. ನಡಿಗೆ ಥೇಟು ಶಿವಣ್ಣನದು. ಮುಂದಿನ ವಾರ ಬೆಸಗರಹಳ್ಳಿಯಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಗೋಡೆ ನೋಡಿದ್ದೇವೆ, ಬೀದಿ ಗೊತ್ತು ಎಂದು ಅವರೇ ಹೇಳಿ ಕಳಿಸಿದ್ದರು. ಅದನ್ನು ಇನ್ನೂ ಮಗನಿಗೆ ಹೇಳಿರಲಿಲ್ಲ. ಮೀನು ತಿಂದಾದ ಮೇಲೆ ಹೇಳಬೇಕು ಎಂದುಕೊಂಡಳು.